ನಿರೀಕ್ಷಿತ ಉತ್ತರ

ಜೂನ್ 20

ಪೆಟ್ಟಿಗೆ ತಯಾರಕರ ಕುಲಭೂಷಣನಾದ ನನ್ನ ತಮ್ಮನಿಗೆ,

ಅಕ್ಕ ಫೋನ್ ಮಾಡದೆ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು "ಹ್ಞೂಂ, ಹೇಳಕ್ಕ" ಅನ್ನುತ್ತಲೇ ಆ ಕಡೆ ಟಕಟಕ ಟೈಪ್ ಮಾಡುತ್ತಿರುತ್ತೀಯ. ನನಗೆ ಕೇಳಿಸುತ್ತದೆ. ಹದಿನೆಂಟು ವರ್ಷ ಮೂರನೇ ತರಗತಿಗೆ ಪಾಠ ಮಾಡಿದವಳಿಗೆ ಕೊನೆಯ ಬೆಂಚಿನ ಕೆಳಗೆ ಚಾಕೊಲೇಟ್ ಕಾಗದ ಬಿಚ್ಚುವ ಸದ್ದೂ ಕೇಳಿಸುತ್ತದೆ. ಕಾಗದವಾದರೆ ಓದಲೇಬೇಕು, ಓದುವಾಗಲಾದರೂ ನಿನ್ನ ಕೈ ಸುಮ್ಮನಿರಲಿ.

ನಿಮ್ಮ ಕಂಪನಿಯ "ಸಿದ್ಧ ಚಟುವಟಿಕೆ ಪೆಟ್ಟಿಗೆ" ನಮ್ಮ ಶಾಲೆಗೂ ದಯಮಾಡಿಸಿದೆ. ತರಗತಿಗೊಂದು. ಮುಚ್ಚಳ ತೆಗೆದ ಕೂಡಲೇ ಅಂಟಿನ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಅರವತ್ತು ಕಾರ್ಡು, ಆರು ಡಬ್ಬಿ ಮಿನುಗುಪುಡಿ, ಒಂದು ಚೀಲ ಹತ್ತಿ ಮತ್ತು ಕಣ್ಣುಗಳು. ಹೌದಪ್ಪಾ, ಪ್ಲಾಸ್ಟಿಕ್ ಕಣ್ಣುಗಳು, ಇನ್ನೂರು. ಚೀಲ ಹರಿದು ಅರ್ಧ ನೆಲಕ್ಕೆ ಚೆಲ್ಲಿದವು. ಈಗ ಎಲ್ಲಿ ಕಾಲಿಟ್ಟರೂ ಯಾರೋ ನನ್ನನ್ನು ನೋಡುತ್ತಿರುತ್ತಾರೆ. ಮಿನುಗುಪುಡಿ ನನ್ನ ಊಟದ ಡಬ್ಬಿಯನ್ನೂ ಸೇರಿದೆ. ಮೂರು ದಿನದಿಂದ ಹೊಳೆಯುವ ಅನ್ನ ತಿನ್ನುತ್ತಿದ್ದೇನೆ.

ನಾಲ್ಕನೇ ಕಾರ್ಡನ್ನು ಇಲ್ಲಿ ನಕಲು ಮಾಡುತ್ತೇನೆ, ಓದಿ ಪಾವನನಾಗು. "ಶಿಕ್ಷಕರು ಹತ್ತಿಯುಂಡೆ ಎತ್ತಿ ಹಿಡಿದು, ಆಶ್ಚರ್ಯದಿಂದ: ಓಹೋ, ಇದೇನಿದು ಬೆಳ್ಳಗೆ? ನಿರೀಕ್ಷಿತ ಉತ್ತರ: ಕುರಿ! (ಎರಡು ನಿಮಿಷ)." ನಾನು ಎತ್ತಿ ಹಿಡಿದೆ, ಆಶ್ಚರ್ಯಪಟ್ಟೆ. ಮಕ್ಕಳು ನನ್ನ ಮುಖ ನೋಡಿ ಕನಿಕರದಿಂದ "ಹತ್ತಿ ಮಿಸ್" ಅಂದವು. ಹತ್ತಿಯೇ ತಾನೆ? ಆದರೆ ವರದಿಯ ಹಾಳೆಯಲ್ಲಿ ನಲವತ್ತೆರಡು ಮಕ್ಕಳ ಮುಂದೆಯೂ "ಉತ್ತರ ತಪ್ಪು" ಎಂದು ಗುರುತು ಹಾಕಬೇಕಂತೆ. ಒಂಬತ್ತನೇ ಕಾರ್ಡಿನಲ್ಲಿ "ಸಹಜವಾದ ನಗು, ಮೂವತ್ತು ಸೆಕೆಂಡ್" ಎಂದಿದೆ. ನಾನು ಗಡಿಯಾರ ನೋಡಿಕೊಂಡು ನಕ್ಕೆ. ಎರಡು ಮಕ್ಕಳು ಹೆದರಿ ಅತ್ತವು.

ಇದನ್ನೆಲ್ಲ ಬರೆಯುವ ಪುಣ್ಯಾತ್ಮ ಯಾರು? ವಿಳಾಸ ಕಳಿಸು. ಮಿಕ್ಕ ಹತ್ತಿಯನ್ನು ಅವನ ಮೂಗಿಗೆ ತುರುಕಿ ಬರುತ್ತೇನೆ.

ಹೊಳೆಯುತ್ತಿರುವ,
ಅಕ್ಕ

*

ಜೂನ್ 29

ಮೂರನೇ ತರಗತಿಯ ಏಕಚಕ್ರಾಧಿಪತ್ಯದ ಅಕ್ಕನ ಪಾದಕ್ಕೆ,

ಕುರಿಯ ಕರ್ತೃವಿನ ವಿಳಾಸ ಕಚೇರಿಯ ಗುಟ್ಟು. ಇಷ್ಟು ಮಾತ್ರ ಹೇಳಬಲ್ಲೆ: ಆತ ಸಭ್ಯ, ಚಿಕ್ಕಂದಿನಲ್ಲಿ ಅಕ್ಕನ ಕೈಯಲ್ಲಿ ತುಂಬಾ ಪೆಟ್ಟು ತಿಂದವನು, ಮೂಗು ಈಗಾಗಲೇ ನೆಗಡಿಯಿಂದ ಕಟ್ಟಿದೆ. ದಯೆ ಇರಲಿ.

ನಮ್ಮ ಕಷ್ಟವೂ ಸ್ವಲ್ಪ ಕೇಳು. ಈ ಕಟ್ಟಡದ ನಾಲ್ಕು ಮಹಡಿಯಲ್ಲಿ ಹುಡುಕಿದರೂ ಒಂದು ಮಗು ಸಿಗುವುದಿಲ್ಲ. ಚಟುವಟಿಕೆ ಬರೆದು ಮುಗಿಸಿದ ಮೇಲೆ ಯಾರ ಮೇಲಾದರೂ ಪ್ರಯೋಗ ಮಾಡಬೇಕಲ್ಲ, ಅದಕ್ಕೆ ಉಗ್ರಾಣದ ಮೇಲ್ವಿಚಾರಕರನ್ನು ಕರೆಯುತ್ತೇವೆ. ವಯಸ್ಸು ಐವತ್ತಾರು. ಮೊನ್ನೆ ಮೊಲದ ಕಿವಿ ಕಟ್ಟಿಕೊಂಡು ಮೇಜಿನ ಸುತ್ತ ಕುಪ್ಪಳಿಸಿ, "ಮಕ್ಕಳಿಗೆ ಖುಷಿಯಾಗುತ್ತೆ ಬಿಡಿ ಸಾರ್" ಎಂದು ಪ್ರಮಾಣಪತ್ರ ಕೊಟ್ಟು, ಏದುಸಿರು ಬಿಡುತ್ತಾ ಕೆಳಗೆ ಹೋದರು. ನೀನು ತರಗತಿಯಲ್ಲಿ ಮಾಡುವ ಮೊಲದ ನಡಿಗೆ ಆ ಮಹಾನುಭಾವರದ್ದು.

ಸೆಪ್ಟೆಂಬರ್ ಒಳಗೆ ಎರಡನೇ ಪೆಟ್ಟಿಗೆಗೆ ಒಬ್ಬೊಬ್ಬರೂ ಮೂವತ್ತು ಕಾರ್ಡು ಕೊಡಬೇಕು. ಕೊಡದವರು ಬೇರೆ ಕೆಲಸ ನೋಡಿಕೊಳ್ಳಬಹುದು ಎಂದು ನಮ್ಮ ಮೇಡಂ ಬಹಳ ಪ್ರೀತಿಯಿಂದ ಹೇಳಿದ್ದಾರೆ. ನನ್ನ ಬಳಿ ಇರುವುದು ಹನ್ನೊಂದು. ಅದರಲ್ಲೂ ನಾಲ್ಕು ಕುರಿಯೇ. ಆದ್ದರಿಂದ ಅಕ್ಕ, ಬೈಯುತ್ತಾ ಇರು. ನಿನ್ನ ತರಗತಿಯಲ್ಲಿ ಏನೇನು ನಡೆಯುತ್ತದೋ ಎಲ್ಲ ಬರಿ. ಜೀವಂತ ಮಕ್ಕಳ ಸುದ್ದಿ ಕೇಳಿ ಬಹಳ ದಿನವಾಯಿತು.

ನೆಗಡಿಯೊಂದಿಗೆ,
ತಮ್ಮ

*

ಜುಲೈ 18

ಲೋ ತಮ್ಮಾ,

ಇವತ್ತು ಬೈಗುಳವಿಲ್ಲ. ಕೂತು ಓದು.

ನನ್ನ ತರಗತಿಯಲ್ಲಿ ಕಿಟಕಿ ಪಕ್ಕ ಒಬ್ಬಳು ಕೂರುತ್ತಾಳೆ. ಮನಸ್ಸಿನಲ್ಲೇ ಅವಳಿಗೆ ಕಿಟಕಿ ಎಂದು ಹೆಸರಿಟ್ಟಿದ್ದೇನೆ. ಒಂದನೇ ತರಗತಿಗೆ ಸೇರಿದ ದಿನದಿಂದ ಶಾಲೆಯಲ್ಲಿ ಒಂದು ಅಕ್ಷರ ಆಡಿದವಳಲ್ಲ. ಬರೆಯುತ್ತಾಳೆ, ಲೆಕ್ಕ ಮಾಡುತ್ತಾಳೆ. ಬಾಯಿ ಮಾತ್ರ ತೆರೆಯುವುದಿಲ್ಲ. ತಾಯಿಯನ್ನು ಕೇಳಿದರೆ, "ಅಯ್ಯೋ, ಮನೇಲಿ ಇವಳ ಬಾಯಿ ಮುಚ್ಚಿಸೋಕೆ ಇಬ್ಬರು ಬೇಕು ಮಿಸ್" ಅನ್ನುತ್ತಾಳೆ. ಹಾಜರಿ ಕರೆದಾಗಲೂ ಅಷ್ಟೆ. ನಾನು ಹೆಸರು ಕರೆಯುವುದು, ತಲೆ ಎತ್ತಿ ಕಿಟಕಿಯ ಕಡೆ ನೋಡುವುದು, ಅವಳು ನನ್ನನ್ನು ನೋಡುವುದು, ನಾನು ಗುರುತು ಹಾಕುವುದು. ಇದು ನಮ್ಮಿಬ್ಬರ ಒಪ್ಪಂದ.

ಇವತ್ತು ಒಂದು ಉಪಾಯ ಮಾಡಿದೆ. ಅವಳ ಹೆಸರು ಕರೆದು, ಬೇಕೆಂದೇ ಆ ಕಡೆ ನೋಡದೆ, "ಬಂದಿಲ್ಲ" ಎಂದು ಗಟ್ಟಿಯಾಗಿ ಹೇಳಿ ಮುಂದಿನ ಹೆಸರಿಗೆ ಹೋದೆ.

ಬೆಂಚು ಕಿರ್ರೆಂದಿತು. ಅವಳು ಎದ್ದು ನಿಂತಿದ್ದಳು.

"ಬಂದಿದ್ದೀನಲ್ಲ ಮಿಸ್" ಅಂದಳು. ಆಮೇಲೆ, "ದಿನಾ ಬರ್ತೀನಿ."

ಒರಟು ಧ್ವನಿ ಕಣೋ, ದೊಡ್ಡವರ ಹಾಗೆ. ಮುಂದಿನ ಬೆಂಚಿನ ತುಂಟನೊಬ್ಬ, "ಮಿಸ್, ಇವಳಿಗೆ ಬಾಯಿದೆ!" ಎಂದು ಕೂಗಿದ. ಮಧ್ಯಾಹ್ನದ ಹೊತ್ತಿಗೆ ಅವಳು ನನ್ನ ಮೇಜಿನ ಹತ್ತಿರ ಬಂದು ಪಕ್ಕದವಳ ಮೇಲೆ ದೂರು ಹೇಳಿದಳು. ದೂರು! ಪೂರ್ತಿ ಮೂರು ವಾಕ್ಯ! ನನಗೆ ಕುಣಿಯುವಂತಾಯಿತು. ಪಕ್ಕದವಳಿಗೆ ನಾಲ್ಕು ಮಾತು ಹೆಚ್ಚಾಗಿಯೇ ಗದರಿದೆ, ಪಾಪ.

ಹೆಡ್ ಮಿಸ್ ಓಡಿ ಬಂದು, "ಎಂಥಾ ಉಪಾಯ ರೀ ನಿಮ್ಮದು! ನನಗೆ ಹೊಳೀತಾನೇ ಇರಲಿಲ್ಲ" ಅಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಯಾವ ಪೆಟ್ಟಿಗೆಯಲ್ಲೂ ಇಲ್ಲದ್ದು ಇದು. ನಿನ್ನ ಮೊಲದ ಕಿವಿಯವರಿಗೆ ಹೇಳು.

ಅಕ್ಕ

*

ಜುಲೈ 27

ಅಕ್ಕಾ, ಅಕ್ಕಾ,

ಓದಿ ಮೈ ಜುಮ್ಮೆಂದಿತು. ತಮಾಷೆಯಲ್ಲ. ಉಗ್ರಾಣದವರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ: "ಬಂದಿಲ್ಲ" ಅಂದಮೇಲೆ ಅವಳು ಏಳಲು ಎಷ್ಟು ಸೆಕೆಂಡ್ ಹಿಡಿಯಿತು? ಆಗ ನಿನ್ನ ಮುಖ ಹೇಗಿತ್ತು, ಗಂಭೀರವಾಗಿಯೋ, ನಿರ್ಲಕ್ಷ್ಯವಾಗಿಯೋ? ಪೆನ್ನು ಕೈಯಲ್ಲಿತ್ತೋ ಕೆಳಗಿಟ್ಟಿದ್ದೆಯೋ? ಅವಳಿಗೆ ಎರಡು ಜಡೆಯೋ ಒಂದೋ?

ತಮ್ಮ

*

ಆಗಸ್ಟ್ 9

ತಮ್ಮನಿಗೆ,

ಸೆಕೆಂಡ್ ಯಾರಪ್ಪಾ ಎಣಿಸಿದರು? ಇಪ್ಪತ್ತು ಇರಬಹುದು. ಎರಡು ಜಡೆ. ಪೆನ್ನು ಕೈಯಲ್ಲೇ ಇತ್ತು. ಮುಖ ಹೇಗಿತ್ತೋ ನನಗೇನು ಗೊತ್ತು, ಅದನ್ನು ಬಿಡು.

ಕಿಟಕಿ ಈಗ ಗಟ್ಟಿಯಾಗಿ ಪಾಠ ಓದುತ್ತಾಳೆ. ನಿನ್ನೆ ನನ್ನ ಕಾಗುಣಿತವನ್ನೇ ತಿದ್ದಿದಳು. "ಹಾಗಲ್ಲ ಮಿಸ್, ಬೋರ್ಡ್ ಒರೆಸಿ" ಅಂದಳು. ಒರೆಸಿದೆ. ಹಾಜರಿಯಲ್ಲಿ ಅವಳ ಹೆಸರು ಬರುವ ಮೊದಲೇ "ಬಂದಿದ್ದೀನಿ" ಅನ್ನುತ್ತಾಳೆ. ಇಪ್ಪತ್ತಾರನೇ ಹೆಸರು ಅವಳದು. ಇಪ್ಪತ್ನಾಲ್ಕರಿಂದಲೇ ತುದಿಗಾಲಲ್ಲಿ ನಿಂತಿರುತ್ತಾಳೆ.

ಕೆಲಸ ತುಂಬಾ ಇದೆ. ಮೇಲೆ ವರದಿಯ ಹಾಳೆಗಳು ಬೇರೆ.

ಅಕ್ಕ

*

ಅಕ್ಟೋಬರ್ 9

ಜಗತ್ತಿನ ಏಕೈಕ ಅಕ್ಕನಿಗೆ,

ನಿನ್ನ ತಮ್ಮ ಉಳಿದುಕೊಂಡ. ಮೂವತ್ತೂ ಕಾರ್ಡು ಒಪ್ಪಿಗೆಯಾದವು. ಅದರಲ್ಲಿ ಒಂದಕ್ಕೆ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಇದರಲ್ಲಿ ಜೀವ ಇದೆ ಕಣ್ರೀ" ಅಂದರು. ನನ್ನ ಅಂಗಿಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸಿದರು, ಮಕ್ಕಳಿಗೆ ಅಂಟಿಸುತ್ತಾರಲ್ಲ, ಅದೇ. ಮೂವತ್ತೆಂಟು ವರ್ಷದ ನಾನು ಅದನ್ನು ಅಂಟಿಸಿಕೊಂಡೇ ಬಸ್ಸಿನಲ್ಲಿ ಮನೆಗೆ ಬಂದೆ. ಅಮ್ಮ ನೋಡಿ, "ಯಾವ ಮಗೂಗೆ ಹೊಡೆದು ಕಿತ್ಕೊಂಡೆ?" ಅಂದಳು.

ಎರಡನೇ ಪೆಟ್ಟಿಗೆ ಹನ್ನೆರಡು ಸಾವಿರ ತರಗತಿಗಳಿಗೆ ಹೊರಟಿದೆ. ನಿನ್ನದಕ್ಕೂ ಬರುತ್ತದೆ. ಒಳಗೆ ನಿನಗೊಂದು ಆಶ್ಚರ್ಯ ಇದೆ, ಕಾರ್ಡು ಮೂವತ್ತೊಂದು. ನೋಡಿದ ತಕ್ಷಣ ನೀನು ಕುಣಿಯದಿದ್ದರೆ ನನ್ನ ಕಿವಿ ಹಿಂಡು.

ನಕ್ಷತ್ರಧಾರಿ ತಮ್ಮ

*

ನವೆಂಬರ್ 6

ಮೂವತ್ತೊಂದನೇ ಕಾರ್ಡಿನ ಕರ್ತೃವಿಗೆ,

ಕುಣಿದೆನೋ ಇಲ್ಲವೋ, ಕೇಳು.

ಪೆಟ್ಟಿಗೆ ನಿನ್ನೆ ಬಂತು. ಅದರ ಜೊತೆಗೇ ನಿಮ್ಮ ಕಂಪನಿಯ ಪರಿಶೀಲಕನೂ ಬಂದ. ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಕ್ಲಿಪ್ಪು ಹಾಕಿದ ಹಲಗೆ. ಹೆಡ್ ಮಿಸ್ ಮತ್ತು ಅವನು ನನ್ನ ತರಗತಿಯ ಹಿಂದೆ ಪುಟಾಣಿ ಕುರ್ಚಿಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತರು. "ಯಾವುದಾದರೂ ಒಂದು ಕಾರ್ಡು ಮಕ್ಕಳ ಕೈಯಲ್ಲೇ ಎತ್ತಿಸಿ ಓದಿಸಿ ಮೇಡಂ, ಸಹಜವಾಗಿರುತ್ತೆ" ಅಂದ. ನೀನು ಹೇಳಿದ್ದೆಯಲ್ಲ, ಆಶ್ಚರ್ಯ. ನಾನೇ ಹುಡುಕಿ ಮೂವತ್ತೊಂದನ್ನು ತೆಗೆದು ಮುಂದಿನ ಬೆಂಚಿನವನ ಕೈಗೆ ಕೊಟ್ಟೆ. ನೋಡಿ ಕೊಟ್ಟಿದ್ದರೆ! ನಿನ್ನ ಮೇಲಿನ ನಂಬಿಕೆಯಿಂದ ನೋಡದೆ ಕೊಟ್ಟೆ.

ಅವನು ಗಟ್ಟಿಯಾಗಿ ಓದಿದ. "ಗೈರುಹಾಜರಿ ಆಟ. ಮಾತನಾಡದ ಮಗುವಿಗಾಗಿ. ಹಂತ ಒಂದು: ಮಗುವಿನ ಹೆಸರು ಕರೆಯಿರಿ. ಹಂತ ಎರಡು: ಮಗುವನ್ನು ಕಂಡೂ ಕಾಣದಂತೆ ನಟಿಸಿ, 'ಬಂದಿಲ್ಲ' ಎಂದು ಘೋಷಿಸಿ. ಮುಖ ಗಂಭೀರವಾಗಿರಲಿ, ಪೆನ್ನು ಕೈಯಲ್ಲಿರಲಿ. ಹಂತ ಮೂರು: ಇಪ್ಪತ್ತು ಸೆಕೆಂಡ್ ಕಾಯಿರಿ. ನಿರೀಕ್ಷಿತ ಉತ್ತರ: ಬಂದಿದ್ದೀನಲ್ಲ ಮಿಸ್. ದಿನಾ ಬರ್ತೀನಿ. ಹಂತ ನಾಲ್ಕು: ಚಪ್ಪಾಳೆ." ಕಾರ್ಡಿನ ಮೇಲೆ ಬಣ್ಣದ ಚಿತ್ರ. ಕಿಟಕಿ, ಬೆಂಚು, ಎರಡು ಜಡೆ.

"ಮಿಸ್, ಇದು ಇವಳೇ!" ಅಂತ ತರಗತಿಗೆ ತರಗತಿಯೇ ತಿರುಗಿತು. ಪರಿಶೀಲಕನಿಗೆ ಪರಮಾನಂದ. "ಓ, ಇಲ್ಲಿ ಆಗಲೇ ಮಾಡಿಸಿದ್ದೀರಾ? ಫಲಿತಾಂಶ ಬಂತಾ?" ಎಂದು ಹಲಗೆಯ ಮೇಲೆ ಗುರುತು ಹಾಕಿದ.

ಕಿಟಕಿ ಎದ್ದು ನಿಂತಳು. ನನ್ನನ್ನೇ ನೋಡಿ ಕೇಳಿದಳು: "ಅವತ್ತು ಪೆಟ್ಟಿಗೇಲಿ ಇತ್ತು ಅಂತ ಹಾಗಂದ್ರಾ ಮಿಸ್?"

ಹೆಡ್ ಮಿಸ್ ನೋಡುತ್ತಿದ್ದರು. ಪರಿಶೀಲಕ ನೋಡುತ್ತಿದ್ದ. ನಾನು ಹಾಜರಿ ಪುಸ್ತಕದ ಪುಟ ತಿರುವಿದೆ. ಇಪ್ಪತ್ತು ಸೆಕೆಂಡ್ ಎಷ್ಟು ಉದ್ದ ಎಂದು ನಿನಗೆ ಗೊತ್ತೇನೋ? ಅವಳು ಕೂತಳು. ಪರಿಶೀಲಕ ಹಂತ ನಾಲ್ಕನ್ನು ನೆನಪಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು.

ಇವತ್ತು ಹಾಜರಿಯಲ್ಲಿ ಇಪ್ಪತ್ತಾರನೇ ಹೆಸರು ಕರೆದೆ. ಅವಳು ಬಾಯಿ ತೆರೆಯಲಿಲ್ಲ. ನಾನು ತಲೆ ಎತ್ತಿದರೆ ಅವಳು ಹೊರಗೆ ನೋಡುತ್ತಿದ್ದಳು. ಉಳಿದ ನಲವತ್ತೊಂದು ಮಕ್ಕಳು ಒಟ್ಟಿಗೆ, ಅವಳದೇ ಒರಟು ಧ್ವನಿ ಅನುಕರಿಸಿ, "ಬಂದಿದ್ದೀನಲ್ಲ ಮಿಸ್, ದಿನಾ ಬರ್ತೀನಿ" ಎಂದು ಕೂಗಿ ನಕ್ಕರು.

ಹನ್ನೆರಡು ಸಾವಿರ ತರಗತಿಗಳಲ್ಲಿ ಸುಮ್ಮನೆ ತನ್ನ ಪಾಡಿಗೆ ಕೂತ ಒಂದೊಂದು ಮಗುವನ್ನು ಹುಡುಕಿ "ನೀನು ಬಂದಿಲ್ಲ" ಎನ್ನುತ್ತಿದ್ದಾರೆ. ಇಪ್ಪತ್ತು ಸೆಕೆಂಡಿಗೆ ಏಳದ ಮಗುವಿನ ಮುಂದೆ ಯಾವ ಗುರುತು ಹಾಕಬೇಕು? ಅದನ್ನೂ ಬರೆದಿದ್ದೀಯಾ?

ಅಕ್ಕ

*

ನವೆಂಬರ್ 13

ಅಕ್ಕಾ,

ಇಷ್ಟು ಸಿಟ್ಟು ಬರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ನಿನ್ನ ಬುದ್ಧಿವಂತಿಕೆ ನಾಲ್ಕು ಗೋಡೆಯೊಳಗೆ ಉಳಿಯಬಾರದು ಎಂದುಕೊಂಡೆ. ನೀನೇ ಬರೆದಿದ್ದೆಯಲ್ಲ, "ಉಪಾಯ ಮಾಡಿದೆ, ಬೇಕೆಂದೇ ನೋಡಲಿಲ್ಲ" ಅಂತ? ಕಾಗದ ನನ್ನ ಮುಂದೆಯೇ ಇದೆ. ನೀನು ಮಾಡಿದರೆ ಉಪಾಯ, ನಾನು ಅಚ್ಚು ಹಾಕಿಸಿದರೆ ಪಾಪವೇ? ಕೋಪ ಬಂದರೆ ಬರಲಿ, ಕೇಳಿಯೇ ಬಿಟ್ಟೆ.

ಆದರೂ ಪರಿಹಾರ ಯೋಚಿಸಿದ್ದೇನೆ. ಎರಡನೇ ಮುದ್ರಣದಲ್ಲಿ ಹುಡುಗಿಯ ಬದಲು ಹುಡುಗ. ಕಿಟಕಿಯ ಬದಲು ಬಾಗಿಲು. ಇಪ್ಪತ್ತು ಸೆಕೆಂಡಿನ ಬದಲು ಮೂವತ್ತು. ಜಡೆ ಹೇಗೂ ತಾನಾಗಿಯೇ ಹೋಗುತ್ತದೆ. ಒಪ್ಪಿಗೆಯಾ?

ಕಿವಿ ಒಪ್ಪಿಸಿರುವ,
ತಮ್ಮ

*

ನವೆಂಬರ್ 30

ಅಕ್ಕಾ,

ಉತ್ತರವಿಲ್ಲ. ಫೋನೂ ಎತ್ತುವುದಿಲ್ಲ. ಅಂಚೆಯವರನ್ನು ದಿನಾ ಕೇಳಿ ಕೇಳಿ ಅವರು ಈಗ ನನ್ನನ್ನು ಕಂಡರೆ ಸೈಕಲ್ಲನ್ನು ಬೇರೆ ರಸ್ತೆಗೆ ತಿರುಗಿಸುತ್ತಾರೆ. ಬಾಗಿಲಿನ ವಿಷಯ ಬರೆದದ್ದು ಮೂರ್ಖತನ. ಕಾಗದ ಡಬ್ಬಿಗೆ ಹಾಕಿ ನಾಲ್ಕು ಹೆಜ್ಜೆ ಬಂದ ಮೇಲೆ ಗೊತ್ತಾಯಿತು. ಡಬ್ಬಿಯೊಳಗೆ ಕೈ ಹಾಕಿ ನೋಡಿದೆ, ಮೊಣಕೈಯವರೆಗೆ ಮಾತ್ರ ಹೋಗುತ್ತದೆ.

ಒಂದೇ ಒಂದು ಸಾಲು ಬರಿ. ಬೈಗುಳವಾದರೂ ಸರಿ.

ತಮ್ಮ

*

ಡಿಸೆಂಬರ್ 18

ಅಕ್ಕಾ,

ಮೇಡಂ ಬಳಿ ಹೋಗಿ ಮೂವತ್ತೊಂದನೇ ಕಾರ್ಡು ಹಿಂತೆಗೆಯಿರಿ ಎಂದೆ. "ಏನ್ರೀ ತಮಾಷೆ ಮಾಡ್ತೀರಾ? ಎಲ್ಲರಿಗೂ ಇಷ್ಟವಾಗಿರೋದು ಅದೊಂದೇ" ಅಂದರು. ಶಾಲೆಗಳಿಂದ ಬಂದ ವರದಿಗಳ ಕಟ್ಟನ್ನು ಮೇಜಿನ ಮೇಲೆ ತಳ್ಳಿದರು. ಕೂತು ಓದಿದೆ. ಒಂದರಲ್ಲಿ ಹೀಗಿತ್ತು: "ಮಗು ಏಳಲಿಲ್ಲ. ಚಟುವಟಿಕೆಯನ್ನು ಐದು ದಿನ ಮುಂದುವರಿಸಲಾಯಿತು. ಆರನೇ ದಿನದಿಂದ ಮಗು ನಿಜವಾಗಿಯೂ ಬಂದಿಲ್ಲ." ಕೆಳಗೆ ಗುರುತು ಹಾಕುವ ಚೌಕಗಳು: ಉತ್ತಮ, ಸಾಧಾರಣ, ಪುನರಾವರ್ತಿಸಿ. ಶಿಕ್ಷಕರು ಮೂರನೆಯದಕ್ಕೆ ಹಾಕಿದ್ದರು. ಆ ಚೌಕಗಳನ್ನು ಮಾಡಿದವನು ನಾನೇ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಹಾಳೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೆ. ಸೋಪಿಗೂ ಮಿನುಗುಪುಡಿ ಮೆತ್ತಿತ್ತು.

ಮೂರನೇ ಪೆಟ್ಟಿಗೆಗೆ "ಇಂಥದ್ದೇ ಹತ್ತು" ಬೇಕಂತೆ. ನಾನು ಹತ್ತೂ ಕುರಿಗಳನ್ನೇ ಕೊಟ್ಟಿದ್ದೇನೆ. ಹತ್ತಿಯ ಕುರಿ, ಕಾಗದದ ಕುರಿ, ಗುಂಡಿಯ ಕುರಿ. ಇನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ಗೊತ್ತಿಲ್ಲ. ಅದು ನನ್ನ ಪಾಡು, ಬಿಡು.

ನಿನ್ನ ಕಿಟಕಿ ಹೇಗಿದ್ದಾಳೆ? ಅದನ್ನಷ್ಟು ಹೇಳು. ತಪ್ಪಾಯಿತು.

ತಮ್ಮ

*

ಜನವರಿ 8

ತಮ್ಮಾ,

ನಿನ್ನ ಮೂರು ಕಾಗದವೂ ತಲುಪಿವೆ. ಉತ್ತರ ಬರೆಯದೆ ಇದ್ದದ್ದು ನಿನ್ನ ಮೇಲಿನ ಸಿಟ್ಟಿಗೆ ಎಂದು ನೀನು ತಿಳಿದಿದ್ದೀಯ. ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೆ, ಅನುಕೂಲವಾಗಿತ್ತು. ಆದರೆ ನವೆಂಬರಿನ ಕಾಗದದಲ್ಲಿ ನೀನು ಕೇಳಿದ ಆ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು, ಬರೆಯುವ ಧೈರ್ಯ ಇರಲಿಲ್ಲ.

ಉಪಾಯ ಎಂಥದ್ದೂ ಇರಲಿಲ್ಲ ಕಣೋ. ಅವತ್ತು ಹತ್ತು ಗಂಟೆಯೊಳಗೆ ಕುರಿಯ ವರದಿ ಹೆಡ್ ಮಿಸ್ ಮೇಜಿಗೆ ಹೋಗಬೇಕಿತ್ತು. ಹಾಜರಿ ಪುಸ್ತಕದ ಕೆಳಗೆ ಆ ಹಾಳೆ ಇಟ್ಟುಕೊಂಡು, ಬಾಯಲ್ಲಿ ಹೆಸರು ಕರೆಯುತ್ತಾ ಕೈಯಲ್ಲಿ "ಉತ್ತರ ತಪ್ಪು, ಉತ್ತರ ತಪ್ಪು" ಎಂದು ತುಂಬುತ್ತಿದ್ದೆ. ಇಪ್ಪತ್ತಾರನೇ ಹೆಸರಿಗೆ ಯಾರೂ ಓಗೊಡಲಿಲ್ಲ. ಓಗೊಡದವರು ಬಂದಿಲ್ಲ. "ಬಂದಿಲ್ಲ" ಅಂದೆ. ತಲೆ ಎತ್ತಲೇ ಇಲ್ಲ. ಒಂದೂವರೆ ತಿಂಗಳ ಒಪ್ಪಂದವನ್ನು ಒಂದು ಕುರಿಗಾಗಿ ಮುರಿದವಳು ನಾನು. ಅವಳು ಮಾತಾಡಿದ್ದು ನನ್ನ ಜಾಣತನಕ್ಕಲ್ಲ, ನನ್ನ ಬೇಜವಾಬ್ದಾರಿಗೆ. ಹೆಡ್ ಮಿಸ್ ಹೊಗಳಿದಾಗ ಸುಮ್ಮನಿದ್ದೆ. ನಿನಗೆ ಬರೆಯುವಾಗ "ಬೇಕೆಂದೇ" ಎಂದು ಸೇರಿಸಿದೆ. ನೀನು ಅಚ್ಚು ಹಾಕಿಸಿದ್ದು ನನ್ನ ಸುಳ್ಳನ್ನು. ನಿನ್ನ ಕೈ ತೊಳೆದ ಕತೆ ಓದಿ, ನಾನು ಯಾವುದನ್ನು ತೊಳೆದುಕೊಳ್ಳಲಿ ಎಂದು ಯೋಚಿಸಿದೆ.

ಮೊದಲು ಹೆಡ್ ಮಿಸ್‌ಗೆ ಹೇಳಿದೆ. ಅವರು ನಂಬಲಿಲ್ಲ. "ಎಷ್ಟು ವಿನಯ ರೀ ನಿಮಗೆ! ಕಾರ್ಡಿನಲ್ಲೇ ಅಚ್ಚಾಗಿದೆಯಲ್ಲ" ಅಂದರು. ಅಚ್ಚಾದದ್ದರ ಮುಂದೆ ನಾನು ಹೇಳಿದ್ದು ನಿಲ್ಲಲಿಲ್ಲ. ಎರಡನೇ ತರಗತಿಯ ಮಿಸ್ ಅಂತೂ ನನ್ನನ್ನು ಪಕ್ಕಕ್ಕೆ ಕರೆದು, "ಹಾಗೆಲ್ಲ ಹೇಳ್ಕೋಬೇಡಿ, ಹಾಜರಿ ಹೊತ್ತಲ್ಲಿ ಇನ್ಯಾರ್ಯಾರು ವರದಿ ತುಂಬಿಸ್ತಾರೆ ಅಂತ ಹುಡುಕ್ತಾರೆ, ನಮ್ಮೆಲ್ಲರ ತಲೆಗೂ ಬರುತ್ತೆ" ಎಂದಳು.

ನಿನ್ನೆ ಸಂಜೆ ಗಂಟೆ ಹೊಡೆದ ಮೇಲೆ ಕಿಟಕಿಯನ್ನು ನಿಲ್ಲಿಸಿಕೊಂಡೆ. ಅವಳ ಬೆಂಚಿನಲ್ಲೇ, ಪಕ್ಕದಲ್ಲಿ ಕೂತೆ. ಹೇಗೆ ಶುರುಮಾಡುವುದು ಎಂದು ಯಾವ ಕಾರ್ಡಿನಲ್ಲೂ ಇಲ್ಲ. "ಅವತ್ತು ನಾನು ಆಟ ಆಡ್ಲಿಲ್ಲ ಪುಟ್ಟಾ. ಪೆಟ್ಟಿಗೇಲೂ ಇರಲಿಲ್ಲ. ನಾನು ನಿನ್ನನ್ನ ನೋಡ್ಲೇ ಇಲ್ಲ. ಬೇರೆ ಏನೋ ಬರೀತಾ ಇದ್ದೆ. ನೀನು ಬಂದಿದ್ದೆ, ನಾನೇ ಬಂದಿರಲಿಲ್ಲ. ತಪ್ಪಾಯ್ತು" ಅಂದೆ. ಮೋಸ ಮಾಡಿದೆ ಎನ್ನುವುದಕ್ಕಿಂತ, ಕಣ್ಣಿಗೆ ಬೀಳಲಿಲ್ಲ ಎನ್ನುವುದು ಮಗುವಿಗೆ ಹೆಚ್ಚು ನೋಯುತ್ತದೇನೋ. ಅದು ಗೊತ್ತಿದ್ದೇ ಹೇಳಿದೆ. ಹೇಳಿ, ಅವಳ ಕಡೆ ನೋಡುತ್ತಾ ಕೂತೆ. ಹೊರಗೆ ಮೈದಾನ ಖಾಲಿಯಾಯಿತು. ಕಸ ಗುಡಿಸುವವಳು ಬಾಗಿಲವರೆಗೆ ಬಂದು, ನಮ್ಮನ್ನು ನೋಡಿ, ಪೊರಕೆ ಸದ್ದಾಗದಂತೆ ಹಿಂದೆ ಸರಿದಳು.

ಕೊನೆಗೆ ಅವಳು ನನ್ನ ಕಡೆ ತಿರುಗಿದಳು. ಒಂದು ಮಾತು ಕೇಳಿದಳು. ನಾನು ಉತ್ತರ ಹೇಳಿದೆ. ಆಮೇಲೆ ಇಬ್ಬರೂ ಗೇಟಿನವರೆಗೆ ಮಾತಾಡುತ್ತಾ ಹೋದೆವು.

ಏನು ಕೇಳಿದಳು, ಏನು ಮಾತಾಡಿದೆವು ಎಂದು ತಿಳಿಯಲು ನಿನ್ನ ಕೈ ತುರಿಸುತ್ತಿರುತ್ತದೆ. ನಿನಗೆ ಹೇಳುವುದಿಲ್ಲ.

ಅಕ್ಕ